ಎರಡು ಗಂಟೆಯ ಮದ್ದು, ಎರಡು ವರ್ಷದ ನೋವು

ಹಲ್ಲು ಕೀಳಿಸಿಕೊಂಡವರಿಗೆಲ್ಲ ಲಿಗ್ನೊಕೇನ್ ಗೊತ್ತು. ಹೆಸರು ಗೊತ್ತಿಲ್ಲದಿರಬಹುದು ಅಷ್ಟೆ. ವಸಡಿಗೊಂದು ಇಂಜೆಕ್ಷನ್, ಐದು ನಿಮಿಷದಲ್ಲಿ ತುಟಿಯೆಲ್ಲ ದಪ್ಪಗಾದ ಹಾಗೆ ಅನಿಸುತ್ತದೆ, ಮನೆ ತಲುಪಿ ಸ್ವಲ್ಪ ಹೊತ್ತಾಗುವಷ್ಟರಲ್ಲಿ ಜೋಮು ಇಳಿಯತೊಡಗುತ್ತದೆ. ಹೆಚ್ಚುಕಡಿಮೆ ಎರಡು ಗಂಟೆ. ಇದೇ ಮದ್ದನ್ನು, ಇಲ್ಲವೇ ಇದರದೇ ಕುಲದ, ಇನ್ನೂ ಕೆಲವು ಗಂಟೆ ಹೆಚ್ಚು ಬಾಳುವ ಬುಪಿವಕೇನನ್ನು, ವರ್ಷಗಟ್ಟಲೆಯಿಂದ ಕೈಯಲ್ಲೋ ಕಾಲಲ್ಲೋ ಉರಿಯುತ್ತಿರುವ ನೋವಿಗೂ ಕೊಡುತ್ತಾರೆ. ಅದೂ ಎಷ್ಟೋ ಸಲ ನೋವಿರುವ ಜಾಗಕ್ಕಲ್ಲ: ಅಂಗೈ ಉರಿದರೆ ಕುತ್ತಿಗೆಗೆ, ಪಾದ ಉರಿದರೆ ಸೊಂಟದ ಪಕ್ಕಕ್ಕೆ. ಆಗ ರೋಗಿಯ ಮನೆಯವರು ಕೇಳುವ ಪ್ರಶ್ನೆ ನ್ಯಾಯವಾದದ್ದೇ. ಎರಡು ಗಂಟೆಗೆ ಇಳಿದುಹೋಗುವ ಮದ್ದು ಎರಡು ವರ್ಷದ ನೋವಿಗೆ ಏನು ಮಾಡೀತು?

ಅರಿವಳಿಕೆ ವೈದ್ಯರೆಂದರೆ ಆಪರೇಷನ್‌ಗೆ ಮುಂಚೆ ನಿದ್ದೆ ಬರಿಸುವವರು ಎಂದಷ್ಟೇ ಜನ ನಮ್ಮನ್ನು ಬಲ್ಲರು. ನೋವಿನ ಕ್ಲಿನಿಕ್ಕಿನಲ್ಲಿ ಕೂತಾಗ ಮಾತ್ರ ನಮ್ಮ ಕೆಲಸ ತಿರುವುಮುರುವಾಗುತ್ತದೆ. ಅಲ್ಲಿ ರೋಗಿಯನ್ನು ಮಲಗಿಸುವುದಲ್ಲ, ಎಬ್ಬಿಸಿ ಓಡಾಡಿಸುವುದು ಗುರಿ. ಇಂಜೆಕ್ಷನ್ ಈ ಗುರಿಗೆ ಒಂದು ಸಾಧನ. ಅದು ನೋವನ್ನು ಕಿತ್ತುಹಾಕುವುದಿಲ್ಲ, ನೋವಿಗೆ ಒಂದು ಬಿಡುವು ಕೊಡುತ್ತದೆ. ಆ ಬಿಡುವಿನಲ್ಲಿ ಏನು ಮಾಡುತ್ತೇವೆ ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಇದನ್ನು ಆಸ್ಪತ್ರೆಗಳಲ್ಲಿ ಸಾಕಷ್ಟು ಗಟ್ಟಿಯಾಗಿ ಹೇಳುತ್ತಿಲ್ಲ ಎಂಬ ಸಂಕಟದಿಂದಲೇ ಇದನ್ನು ಬರೆಯುತ್ತಿದ್ದೇನೆ.

ಕೈಕಾಲುಗಳ ದೀರ್ಘಕಾಲದ ನೋವುಗಳಲ್ಲಿ ಬಗೆಗಳು ಹಲವು. ಅವುಗಳಲ್ಲಿ ಅತಿ ಕ್ರೂರವಾದದ್ದನ್ನು ಮೊದಲು ವಿವರವಾಗಿ ಬರೆದಿಟ್ಟವರು ಅಮೆರಿಕದ ವೈದ್ಯ ಸೈಲಾಸ್ ವಿಯರ್ ಮಿಚೆಲ್. ಅಲ್ಲಿನ ಅಂತರ್ಯುದ್ಧದ ಕಾಲದಲ್ಲಿ ನರಗಳಿಗೆ ಗುಂಡೇಟು ಬಿದ್ದ ಸೈನಿಕರನ್ನು ಫಿಲಡೆಲ್ಫಿಯಾದ ಟರ್ನರ್ಸ್ ಲೇನ್ ಆಸ್ಪತ್ರೆಗೆ ತರುತ್ತಿದ್ದರು. ಗಾಯ ವಾಸಿಯಾಗಿ ತಿಂಗಳುಗಳಾದರೂ ಕೆಲವರ ಅಂಗೈ, ಅಂಗಾಲು ಬೆಂಕಿಯಲ್ಲಿಟ್ಟಂತೆ ಉರಿಯುತ್ತಿತ್ತು. ಚರ್ಮ ಕೆಂಪಾಗಿ ನಯವಾಗಿ ಹೊಳೆಯುತ್ತಿತ್ತು. ಒಣಗಿದ್ದನ್ನು ಮುಟ್ಟಿದರೂ ಸಾಕು, ಉರಿ ಏರುತ್ತಿತ್ತು. ಆ ಸೈನಿಕರು ಕೈಯನ್ನು ಸದಾ ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡಿರುತ್ತಿದ್ದರು. ನಡೆಯುವಾಗಿನ ಉಜ್ಜಾಟವೂ ಕೈಗೆ ಬಂದು ಬಡಿಯುತ್ತಿದ್ದುದರಿಂದ ಬೂಟಿನೊಳಕ್ಕೂ ನೀರು ಹೊಯ್ದುಕೊಳ್ಳುತ್ತಿದ್ದರು. ಪಕ್ಕದವರು ಕಾಗದ ಸರಸರ ಅನ್ನಿಸಿದರೂ ಸಹಿಸಲಾರದಷ್ಟು ಕಂಗಾಲಾಗಿರುತ್ತಿದ್ದರು. ಮಿಚೆಲ್ ಮತ್ತು ಅವರ ಇಬ್ಬರು ಜೊತೆಗಾರರ ಪುಸ್ತಕ ಬಂದದ್ದು 1864ರಲ್ಲಿ. ಈ ಉರಿಗೆ ಆಮೇಲೆ ಕಾಸಾಲ್ಜಿಯಾ ಎಂಬ ಹೆಸರು ಬಂತು. ಮಿಚೆಲ್ ಅವರ ದೊಡ್ಡತನ ಹೆಸರಿಟ್ಟದ್ದರಲ್ಲಿಲ್ಲ. ಗಾಯ ಮಾಗಿದ ಮೇಲೂ ಒದ್ದಾಡುತ್ತಿದ್ದ ಸೈನಿಕರನ್ನು ಅವರು ನಂಬಿದರು. ಕಪಟ ಮಾಡುವವರು ಯಾರು, ನಿಜಕ್ಕೂ ನರಳುವವರು ಯಾರು ಎಂದು ಕೂತು ಬಿಡಿಸಿ ನೋಡಿದರು.

ಅದೇ ಕಾಯಿಲೆಯನ್ನು ಇವತ್ತು ಸಿಆರ್‌ಪಿಎಸ್ ಅನ್ನುತ್ತೇವೆ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 1994ರಲ್ಲಿ ಕೊಟ್ಟ ಹೆಸರು: ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್. ಇದಕ್ಕೆ ಯುದ್ಧ, ಗುಂಡು ಏನೂ ಬೇಕಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದರೆ ಸಾಕು. ಗಂಡಸರಿಗಿಂತ ಹೆಂಗಸರಲ್ಲಿ, ಕಾಲಿಗಿಂತ ಕೈಯಲ್ಲಿ ಹೆಚ್ಚು. ಮೂಳೆ ಕೂಡುತ್ತದೆ, ಎಕ್ಸ್‌ರೇ ಚೆನ್ನಾಗಿರುತ್ತದೆ, ನೋವು ಮಾತ್ರ ಗಾಯದ ಅಳತೆಯನ್ನೆಲ್ಲ ಮೀರಿ ಬೆಳೆಯುತ್ತದೆ. ಕೈ ಊದಿಕೊಳ್ಳುತ್ತದೆ, ಒಂದು ಹೊತ್ತು ಬಿಸಿ ಇನ್ನೊಂದು ಹೊತ್ತು ತಣ್ಣಗೆ, ಬಣ್ಣ ಕೆಂಪೋ ನೀಲಿಯೋ ಆಗುತ್ತದೆ, ಬೆವರುತ್ತದೆ, ಉಗುರು ಕೂದಲು ಬೆಳೆಯುವ ರೀತಿಯೇ ಬದಲಾಗುತ್ತದೆ. ಇದನ್ನು ಗುರುತಿಸಲು ರಕ್ತ ಪರೀಕ್ಷೆ ಇಲ್ಲ, ಸ್ಕ್ಯಾನ್ ಇಲ್ಲ. ಕೈ ನೋಡಬೇಕು, ಮುಟ್ಟಬೇಕು, ಹೇಳಿದ್ದನ್ನು ಕೇಳಬೇಕು. ಕೇಳುವ ವ್ಯವಧಾನವಿಲ್ಲದ ಕಡೆಯೆಲ್ಲ ಈ ರೋಗಿಗಳಿಗೆ ಸಿಗುವುದು ‘ಟೆನ್ಷನ್ ಮಾಡ್ಕೋಬೇಡಿ’ ಎಂಬ ಮಾತು ಮತ್ತು ಇನ್ನೊಂದು ನೋವಿನ ಮಾತ್ರೆ.

ಇನ್ನು ಮದ್ದಿನ ವಿಷಯ. ನರದೊಳಗೆ ಸುದ್ದಿ ಓಡುವುದೆಂದರೆ ಅದರ ಪೊರೆಯಲ್ಲಿರುವ ಅತಿ ಸಣ್ಣ ದ್ವಾರಗಳು ಒಂದಾದ ಮೇಲೊಂದು ತೆರೆದು ಸೋಡಿಯಂ ಒಳನುಗ್ಗುವುದು. ಲಿಗ್ನೊಕೇನ್ ಮಾಡುವುದು ಕೆರೆಯ ತೂಬಿಗೆ ಒಳಗಿನಿಂದ ಬಿರಡೆ ಹಾಕಿದಂಥ ಕೆಲಸ: ಮದ್ದಿನ ಕಣಗಳು ಪೊರೆಯನ್ನು ದಾಟಿ ನರದೊಳಕ್ಕೆ ಹೋಗಿ, ಅಲ್ಲಿಂದ ಆ ದ್ವಾರವನ್ನು ಮುಚ್ಚಿ ಕೂರುತ್ತವೆ. ಸೋಡಿಯಂ ನಿಂತಿತು, ಸುದ್ದಿಯೂ ನಿಂತಿತು. ರಕ್ತ ಹರಿಯುತ್ತ ಮದ್ದನ್ನು ಕೊಚ್ಚಿಕೊಂಡು ಹೋದಂತೆ ದ್ವಾರಗಳು ಮತ್ತೆ ತೆರೆದುಕೊಳ್ಳುತ್ತವೆ. ನರಕ್ಕೆ ಏನೂ ಆಗಿರುವುದಿಲ್ಲ. ಸ್ಟಾಕ್‌ಹೋಮಿನಲ್ಲಿ ಬಾರ್ಲಿ ಸಸಿಗಳ ರಾಸಾಯನಿಕವೊಂದರ ಬೆನ್ನು ಹತ್ತಿದ್ದ ಪ್ರಯೋಗಾಲಯದಲ್ಲಿ, ಅದರದೇ ಹತ್ತಿರದ ವಸ್ತುವನ್ನು ನಾಲಗೆಗೆ ಹಚ್ಚಿ ನೋಡಿದಾಗ ನಾಲಗೆ ಮರಗಟ್ಟಿದ್ದು ಈ ಮದ್ದಿನ ಮೂಲ. ನಿಲ್ಸ್ ಲೋಫ್‌ಗ್ರೆನ್ ಅದನ್ನು ಹಿಡಿದು ಹೊರಟು 1943ರಲ್ಲಿ ಲಿಗ್ನೊಕೇನ್ ತಯಾರಿಸಿದರು. ಅವರ ಕಿರಿಯ ಸಹೋದ್ಯೋಗಿ ಬೆಂಗ್ಟ್ ಲುಂಡ್‌ಕ್ವಿಸ್ಟ್ ಅದನ್ನು ತಮಗೇ ಚುಚ್ಚಿಕೊಂಡು ಪರೀಕ್ಷಿಸಿದರು. 1948ರಿಂದ ಅದು ಕ್ಸೈಲೋಕೇನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಯಲ್ಲಿದೆ.

ಆದರೆ ಅಂಗೈಯ ನೋವಿಗೆ ಕುತ್ತಿಗೆಗೇಕೆ ಚುಚ್ಚಬೇಕು? ಇದಕ್ಕೆ ಉತ್ತರ ಕೊಟ್ಟವರಲ್ಲಿ ಫ್ರಾನ್ಸಿನ ಶಸ್ತ್ರವೈದ್ಯ ರೆನೆ ಲೆರಿಷ್ ಮುಖ್ಯರು. ಮೊದಲ ಮಹಾಯುದ್ಧದ ಗಾಯಾಳುಗಳಲ್ಲಿ ಇದೇ ಉರಿಯನ್ನು ಕಂಡ ಅವರಿಗೆ, ಕೈಯ ಬಣ್ಣ, ಬಿಸಿ, ಬೆವರು ಕೆಟ್ಟಿರುವುದೇ ಸುಳಿವಾಯಿತು. ಇವನ್ನೆಲ್ಲ ಆಳುವುದು ಸಿಂಪಥೆಟಿಕ್ ನರಗಳು. ನಮ್ಮ ಅಂಕೆಗೆ ಸಿಗದೆ ರಕ್ತನಾಳಗಳನ್ನು ಬಿಗಿಸುವ, ಬೆವರಿಳಿಸುವ ನರಜಾಲ ಅದು. ಕೈಗೆ ಹೋಗುವ ಈ ನರಗಳು ಕುತ್ತಿಗೆಯ ಬುಡದಲ್ಲಿ, ಮೊದಲ ಪಕ್ಕೆಲುಬಿನ ಹತ್ತಿರ, ಸ್ಟೆಲೇಟ್ ಗ್ಯಾಂಗ್ಲಿಯನ್ ಎಂಬ ಗಂಟಿನ ಮೂಲಕ ಹಾದುಹೋಗುತ್ತವೆ. ಕಾಲಿಗೆ ಹೋಗುವವು ಸೊಂಟದ ಬೆನ್ನುಮೂಳೆಯ ಮುಂದುಗಡೆ ಸಾಲಾಗಿರುತ್ತವೆ. ಲೆರಿಷ್ ಮೊದಲು ಈ ನರಗಳನ್ನು ಕತ್ತರಿಸಿ ನೋಡಿದರು. ಆಮೇಲೆ ಕತ್ತಿಯ ಬದಲು ಆಗಿನ ಮರಗಟ್ಟಿಸುವ ಮದ್ದಾದ ನೊವೊಕೇನ್ ಇಂಜೆಕ್ಷನ್ನಿಗೆ ಬಂದರು. ಗಾಯಗೊಂಡ ನರದ ತುದಿಗಳು ಸಿಂಪಥೆಟಿಕ್ ನರಗಳು ಸುರಿಸುವ ನಾರ್‌ಅಡ್ರಿನಲಿನ್‌ಗೂ ಕೆರಳತೊಡಗುತ್ತವೆ ಎಂಬುದು ಆಮೇಲಿನ ಸಂಶೋಧನೆಯಿಂದ ತಿಳಿದದ್ದು. ಲೆರಿಷ್ ಅವರದೇ ಇನ್ನೊಂದು ರೂಢಿ ನನಗೆ ಇದಕ್ಕಿಂತ ಮುಖ್ಯ ಅನಿಸುತ್ತದೆ. ಕಾಲು ಉಳುಕಿದವರಿಗೆ ಉಳುಕಿದ ಕಡೆಯೇ ನೊವೊಕೇನ್ ಕೊಟ್ಟು, ಕಟ್ಟು ಹಾಕಿ ಮಲಗಿಸದೆ, ಆಗಿಂದಾಗಲೇ ನಡೆಸುತ್ತಿದ್ದರು.

ನಮ್ಮ ಕ್ಲಿನಿಕ್ಕಿಗೆ ಬಂದಿದ್ದ ಹೆಂಗಸೊಬ್ಬರು ಒಳಗೆ ಕಾಲಿಟ್ಟವರೇ ಮೊದಲು ಹೇಳಿದ ಮಾತು: “ಫ್ಯಾನ್ ಆರ್ಸಿ ಡಾಕ್ಟ್ರೇ.” ಶಾಲೆಯಲ್ಲಿ ಬಿಸಿಯೂಟ ಮಾಡುವ ಕೆಲಸ ಅವರದು. ಮಣಿಕಟ್ಟು ಮುರಿದಿತ್ತು, ಪ್ಲಾಸ್ಟರ್ ಬಿಚ್ಚಿ ತಿಂಗಳುಗಳಾಗಿದ್ದವು. ಬಲಗೈಯನ್ನು ಎಡಗೈಯಿಂದ ಎತ್ತಿ ಎದೆಗೆ ಹಿಡಿದುಕೊಂಡಿದ್ದರು. ಸೆರಗು ತಾಕದ ಹಾಗೆ ಅದನ್ನು ಇನ್ನೊಂದು ಹೆಗಲಿಗೆ ಹಾಕಿದ್ದರು. ಬೆರಳುಗಳು ಊದಿಕೊಂಡು ಗೆರೆಗಳೇ ಮಾಯವಾಗಿದ್ದವು. ಜೊತೆಗೆ ಬಂದಿದ್ದ ಮಗನಿಗೆ ಬೇಸರ. “ಮೂಳೆ ಕೂಡಿದೆ ಅಂತಾರೆ ಸಾರ್. ಅಮ್ಮ ಮುಟ್ಟೋಕೇ ಬಿಡಲ್ಲ.” ಅವರು ಮಗನ ಕಡೆ ನೋಡಲಿಲ್ಲ. “ಈ ಕೈ ನಂದೇ ಅಲ್ಲ ಅನ್ಸುತ್ತೆ ಡಾಕ್ಟ್ರೇ” ಅಂದರು. ಈ ಕಾಯಿಲೆಯಲ್ಲಿ ಮಿದುಳಿನೊಳಗಿನ ಕೈಯ ನಕ್ಷೆಯೇ ಕಲಸಿಹೋಗುತ್ತದೆ. ತಮ್ಮ ಅಂಗ ತಮ್ಮದಲ್ಲ ಅನ್ನಿಸುವುದು ಅದರ ಲಕ್ಷಣವೇ ಹೊರತು ಹುಚ್ಚಲ್ಲ. ಅದನ್ನು ಮಗನೆದುರಿಗೇ ಹೇಳಿದಾಗ ಅವರ ಮುಖ ಸ್ವಲ್ಪ ಸಡಿಲವಾಯಿತು.

ನರದ ಸುದ್ದಿಯನ್ನು ತಡೆಯುವ ಇಂಜೆಕ್ಷನ್ನಿಗೆ ನಾವು ಬ್ಲಾಕ್ ಅನ್ನುತ್ತೇವೆ. ಸ್ಟೆಲೇಟ್ ಬ್ಲಾಕ್ ಕೊಡುವಾಗ ರೋಗಿಯನ್ನು ಅಂಗಾತ ಮಲಗಿಸಿ, ತಲೆಯನ್ನು ಸ್ವಲ್ಪ ಆಚೆ ತಿರುಗಿಸುತ್ತೇವೆ. ಎಡಗೈಗೆ ಡ್ರಿಪ್, ಎದೆಗೆ ಇಸಿಜಿ ತಂತಿ, ಎರಡೂ ಕೈಯ ಬೆರಳಿಗೆ ಉಷ್ಣತೆ ಅಳೆಯುವ ತಂತಿ. “ಅಮ್ಮ, ಸೂಜಿ ಒಳಗಿರುವಾಗ ಮಾತಾಡಬೇಡಿ, ಉಗುಳು ನುಂಗಬೇಡಿ. ಏನಾದರೂ ಅನ್ನಿಸಿದರೆ ಎಡಗೈ ಎತ್ತಿ.” ಅಲ್ಟ್ರಾಸೌಂಡ್ ಪರದೆಯಲ್ಲಿ ಕುತ್ತಿಗೆಯ ದೊಡ್ಡ ರಕ್ತನಾಳ ಮಿಡಿಯುವುದು ಕಾಣುತ್ತದೆ, ಅದರ ಹಿಂದೆ ಬೆನ್ನುಮೂಳೆಗೆ ಅಂಟಿಕೊಂಡ ತೆಳು ಸ್ನಾಯು. ಸೂಜಿಯ ತುದಿ ಆ ಸ್ನಾಯುವಿನ ಹೊದಿಕೆಯಡಿ ತಲುಪಬೇಕು. ಹಿಂದಕ್ಕೆ ಎಳೆದು ರಕ್ತ ಬರುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದೊಂದೇ ಮಿಲಿಲೀಟರ್ ಬಿಡುತ್ತ ಹೋದರೆ ಮದ್ದು ಕಪ್ಪಗೆ ಹರಡುತ್ತದೆ. ಒಟ್ಟು ಐದರಿಂದ ಹತ್ತು ಮಿಲಿ, ಅಷ್ಟೆ.

ಕೆಲವೇ ನಿಮಿಷದಲ್ಲಿ ಆ ಬದಿಯ ಕಣ್ಣಿನ ರೆಪ್ಪೆ ಇಳಿಯಿತು, ಪಾಪೆ ಕಿರಿದಾಯಿತು, ಕಣ್ಣು ಕೆಂಪಾಯಿತು, ಮೂಗು ಕಟ್ಟಿತು. ನೋಡುವವರಿಗೆ ಗಾಬರಿಯಾಗುವ ಈ ಚಿಹ್ನೆಗಳು ನಮಗೆ ಬೇಕಾದವೇ. ಮದ್ದು ಸಿಂಪಥೆಟಿಕ್ ನರಗಳನ್ನು ತಲುಪಿದೆ ಎಂದು ಅರ್ಥ, ಕೆಲವು ಗಂಟೆಗಳಲ್ಲಿ ಇಳಿಯುತ್ತವೆ. ಬಲಗೈಯ ಉಷ್ಣತೆ ಏರುತ್ತ ಹೋಯಿತು. “ಕೈಯೊಳಗೆ ಬಿಸಿನೀರು ಹರಿದಂಗಾಯ್ತು” ಅಂದರು. ಧ್ವನಿ ಸ್ವಲ್ಪ ಗೊಗ್ಗರಾಗಿತ್ತು. ಅದೂ ಮದ್ದು ಪಕ್ಕದ ನರಕ್ಕೆ ತಾಗಿದ್ದರಿಂದ. ನಾವು ಕಾಯುತ್ತ ಕೂರಲಿಲ್ಲ. ಅರ್ಧ ಗಂಟೆ ನಿಗಾ ಇಟ್ಟು, ಗಾಲಿಕುರ್ಚಿಯಲ್ಲಿ ಕೂರಿಸಿ ಪಕ್ಕದ ಫಿಸಿಯೋಥೆರಪಿ ಕೋಣೆಗೆ ಕಳಿಸಿದೆವು. ಅಲ್ಲಿ ಮೇಜಿನ ಮೇಲೆ ಹತ್ತಿ, ಟವೆಲ್ಲು, ಒಂದು ಬೋಗುಣಿಯಲ್ಲಿ ರಾಗಿ, ಇನ್ನೊಂದರಲ್ಲಿ ಚಪಾತಿಗೆ ಕಲಸಿದ ಹಿಟ್ಟು ಇಟ್ಟಿದ್ದರು. ಫಿಸಿಯೋ ಹುಡುಗಿ “ಅಮ್ಮ, ಮೊದಲು ಹತ್ತಿ ಮುಟ್ಟಿ” ಎಂದಾಗ ಅವರು ಕಣ್ಣು ಮುಚ್ಚಿಕೊಂಡೇ ಮುಟ್ಟಿದರು. ಆಮೇಲೆ ಟವೆಲ್ಲು. ರಾಗಿಯೊಳಗೆ ಬೆರಳು ಇಳಿಸುವಾಗ ತಡೆದರು, ಮತ್ತೆ ಇಳಿಸಿದರು. ಹಿಟ್ಟು ಕೈಗೆ ಕೊಟ್ಟಾಗ ಮಾತ್ರ ಯಾರೂ ಹೇಳಿಕೊಡಬೇಕಾಗಲಿಲ್ಲ. ಹೆಬ್ಬೆರಳಿನ ಬುಡದಿಂದ ಒತ್ತಿ ನಾದತೊಡಗಿದರು, ನಿಧಾನವಾಗಿ, ಪೂರ್ತಿ ಬಲವಿಲ್ಲದೆ. ಕೈ ತನ್ನ ಕೆಲಸವನ್ನು ಮರೆತಿರಲಿಲ್ಲ.

ಮಾರನೇ ದಿನ ನೋವು ಮರಳಿತು. ಆದರೆ ಮೊದಲಿನಷ್ಟಿರಲಿಲ್ಲ, ಬೆರಳು ಮಡಚುವುದು ಉಳಿದುಕೊಂಡಿತ್ತು. ಹೀಗೆ ಬ್ಲಾಕ್, ಅದರ ಬೆನ್ನಲ್ಲೇ ವ್ಯಾಯಾಮ, ಕನ್ನಡಿ ಮುಂದೆ ಎಡಗೈ ಆಡಿಸುತ್ತ ಅದನ್ನೇ ಬಲಗೈ ಎಂದು ನೋಡುವ ಅಭ್ಯಾಸ, ಮನೆಯಲ್ಲಿ ದಿನವೂ ಹಿಟ್ಟು ನಾದುವುದು, ವಾರಗಟ್ಟಲೆ ನಡೆಯಿತು. ಅವರು ಕೆಲಸಕ್ಕೆ ಹಿಂತಿರುಗಿದರು. ದೊಡ್ಡ ಪಾತ್ರೆ ಎತ್ತುವುದಿಲ್ಲ. ಚಳಿಗಾಲದಲ್ಲಿ ಕೈ ಕಾಡುತ್ತದೆ. ಪೂರ್ತಿ ವಾಸಿಯಾಯಿತು ಎಂದು ನಾನು ಹೇಳಲಾರೆ.

ಹೀಗೇ ಕೈ ಬಿಸಿಯಾಗಿಯೂ ನೋವು ಒಂದಿಷ್ಟೂ ಇಳಿಯದವರೂ ಇದ್ದಾರೆ. ರೆಪ್ಪೆ ಇಳಿದಿದೆ, ಉಷ್ಣತೆ ಏರಿದೆ, ನೋವು ಮಾತ್ರ ಇದ್ದಲ್ಲೇ ಇದೆ. ಅವರ ನೋವಿನಲ್ಲಿ ಸಿಂಪಥೆಟಿಕ್ ನರಗಳ ಪಾತ್ರ ಇಲ್ಲ ಎಂದು ಆಗ ತಿಳಿಯಬೇಕು, ಸೂಜಿಯನ್ನು ಕೆಳಗಿಡಬೇಕು. ಇನ್ನೊಂದು ಸಲ, ಮತ್ತೊಂದು ಸಲ ಎಂದು ಚುಚ್ಚುತ್ತ ಹೋಗುವುದು ಚಿಕಿತ್ಸೆಯಲ್ಲ.

ಮದ್ದು ಇಳಿದ ಮೇಲೂ ಆರಾಮ ಉಳಿಯುವುದು ಹೇಗೆ? ಅಮೆರಿಕದ ಶಸ್ತ್ರವೈದ್ಯ ವಿಲಿಯಂ ಲಿವಿಂಗ್‌ಸ್ಟನ್ 1943ರಲ್ಲೇ ಒಂದು ವಿವರಣೆ ಮುಂದಿಟ್ಟರು. ನೋವು ಬೆನ್ನುಹುರಿಯನ್ನು ಕೆರಳಿಸುತ್ತದೆ, ಕೆರಳಿದ ಬೆನ್ನುಹುರಿ ಸ್ನಾಯು ಬಿಗಿಸಿ, ರಕ್ತನಾಳ ಸಂಕುಚಿಸಿ ಮತ್ತೆ ನೋವು ಹುಟ್ಟಿಸುತ್ತದೆ, ಆ ಚಕ್ರವನ್ನು ಎಲ್ಲಾದರೂ ಒಂದು ಕಡೆ ಕಡಿದರೆ ಅದು ಸಲೀಸಾಗಿ ಮತ್ತೆ ಕೂಡಿಕೊಳ್ಳದು ಎಂದು. ಬೆನ್ನುಹುರಿಯ ಈ ಕೆರಳುವಿಕೆಯನ್ನು 1983ರಲ್ಲಿ ಕ್ಲಿಫರ್ಡ್ ವೂಲ್ಫ್ ಪ್ರಯೋಗದಲ್ಲಿ ತೋರಿಸಿದರು: ಗಾಯದಿಂದ ಬರುವ ಸುದ್ದಿಯ ಹೊಡೆತಕ್ಕೆ ಬೆನ್ನುಹುರಿಯ ಜೀವಕೋಶಗಳ ಸ್ವಭಾವವೇ ಬದಲಾಗಿ, ಸಣ್ಣ ಸ್ಪರ್ಶಕ್ಕೂ ಅವು ನೋವೆಂದು ಕೂಗತೊಡಗುತ್ತವೆ. ಫ್ಯಾನಿನ ಗಾಳಿ ಕೂಡ ಉರಿಯುವುದು ಇದರಿಂದಲೇ. ಇನ್ನೊಂದು ಮಾತು: ಗಾಯಗೊಂಡ ನರ ತನ್ನಷ್ಟಕ್ಕೇ ಸುಳ್ಳು ಸುದ್ದಿ ಕಳಿಸುತ್ತಿರುತ್ತದೆ. ಅದನ್ನು ಸುಮ್ಮನಾಗಿಸಲು ನರವನ್ನು ಪೂರ್ತಿ ಮರಗಟ್ಟಿಸುವಷ್ಟು ಮದ್ದು ಬೇಕಿಲ್ಲ, ಅದಕ್ಕಿಂತ ತೀರಾ ಕಡಿಮೆ ಸಾಕು.

ಕತ್ತರಿಸಿಹೋದ ಕೈ ನೋಯುವ ವಿಚಿತ್ರವೂ ಇದಕ್ಕೆ ಸಂಬಂಧಿಸಿದ್ದು. ಜರ್ಮನಿಯ ನೀಲ್ಸ್ ಬಿರ್‌ಬೌಮರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಲ್ಲದ ಕೈಯಲ್ಲಿ ನೋವಿದ್ದ ಆರು ಮಂದಿಗೆ ಕಂಕುಳ ಬಳಿಯ ನರಗಳಿಗೆ ಬ್ಲಾಕ್ ಕೊಟ್ಟು ಮಿದುಳನ್ನು ಪರೀಕ್ಷಿಸಿದರು. ಮೂವರಲ್ಲಿ ನೋವು ಇಳಿಯಿತು, ಅದರ ಜೊತೆಯಲ್ಲೇ ಮಿದುಳಿನಲ್ಲಿ ಜರುಗಿಹೋಗಿದ್ದ ನಕ್ಷೆ ತನ್ನ ಹಳೆಯ ಜಾಗದತ್ತ ಮರಳಿತು. ಉಳಿದ ಮೂವರಲ್ಲಿ ಎರಡೂ ಆಗಲಿಲ್ಲ. ಒಂದೇ ಹೆಸರಿನ ನೋವು ಒಬ್ಬರಲ್ಲಿ ನರದ ತುದಿಯಿಂದ, ಇನ್ನೊಬ್ಬರಲ್ಲಿ ಬಹುತೇಕ ಮಿದುಳಿನಿಂದಲೇ ಹುಟ್ಟುತ್ತಿರಬಹುದು. ಮೇಲುನೋಟಕ್ಕೆ ಇಬ್ಬರೂ ಒಂದೇ ರೀತಿ ನರಳುತ್ತಾರೆ.

ಇಷ್ಟು ಹೇಳಿದ ಮೇಲೆ ಪುರಾವೆಯ ಮಾತನ್ನೂ ನೇರವಾಗಿ ಹೇಳಬೇಕು, ಯಾಕೆಂದರೆ ಅದು ಬಲವಾಗಿಲ್ಲ. ಸಿಆರ್‌ಪಿಎಸ್‌ಗೆ ಸಿಂಪಥೆಟಿಕ್ ಬ್ಲಾಕ್ ಕೊಟ್ಟ ಪ್ರಯೋಗಗಳನ್ನೆಲ್ಲ ಜಾಲಿಸಿದ ಕಾಕ್ರೇನ್ ವಿಮರ್ಶೆ 2016ರಲ್ಲಿ ಹೊಸದಾಗಿ ಬಂತು. ಲೆಕ್ಕಕ್ಕೆ ಸಿಕ್ಕ ಪ್ರಯೋಗಗಳು 12, ಅವುಗಳಲ್ಲಿದ್ದ ರೋಗಿಗಳು ಒಟ್ಟು 461. ಹೆಚ್ಚಿನವು ಸಣ್ಣವು, ದೋಷವುಳ್ಳವು. ಬ್ಲಾಕ್ ಕೆಲಸ ಮಾಡುತ್ತದೆ ಎಂದು ಗಟ್ಟಿಯಾಗಿ ಹೇಳಲು ಆಧಾರವಿಲ್ಲ ಎಂಬುದೇ ಅದರ ತೀರ್ಮಾನ. 1998ರ ಒಂದು ಪುಟ್ಟ ಪ್ರಯೋಗ ನನ್ನನ್ನು ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದೆ. ಬರೀ ಏಳು ರೋಗಿಗಳು. ಒಂದು ಸಲ ನಿಜವಾದ ಮದ್ದು, ಇನ್ನೊಂದು ಸಲ ಬರೀ ಉಪ್ಪುನೀರು. ಕೊಟ್ಟ ಕೂಡಲೇ ಸಿಕ್ಕ ಆರಾಮ ಎರಡರಲ್ಲೂ ಹೆಚ್ಚುಕಡಿಮೆ ಒಂದೇ! ಆದರೆ ಉಪ್ಪುನೀರಿನ ಆರಾಮ ಸರಾಸರಿ 20 ಗಂಟೆಯಲ್ಲಿ ಮುಗಿಯಿತು, ಮದ್ದಿನದು ಮೂರೂಮುಕ್ಕಾಲು ದಿನ ಉಳಿಯಿತು. ಇಂಜೆಕ್ಷನ್ ಕೊಟ್ಟ ಹತ್ತು ನಿಮಿಷಕ್ಕೆ “ಈಗ ಹೇಗಿದೆ?” ಎಂದು ಕೇಳಿ, ಉತ್ತರವನ್ನು ರೋಗನಿರ್ಣಯವೆಂದು ಬರೆದುಕೊಳ್ಳುವ ನಮ್ಮ ಅಭ್ಯಾಸ ಎಷ್ಟು ದುರ್ಬಲ ಎಂಬುದು ಇದರಿಂದ ಗೊತ್ತಾಗುತ್ತದೆ. ಕೇಳಬೇಕಾದದ್ದು ಎರಡು ಮೂರು ದಿನ ಬಿಟ್ಟು.

ಬ್ರೆಜಿಲ್‌ನ ಸಾವ್ ಪೌಲೊದಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೈಯ ಸಿಆರ್‌ಪಿಎಸ್ ಇದ್ದ 36 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎದೆಯ ಮಟ್ಟದಲ್ಲಿ ಸಿಂಪಥೆಟಿಕ್ ಬ್ಲಾಕ್, ಇನ್ನೊಂದಕ್ಕೆ ಚರ್ಮದಡಿಯ ತೋರಿಕೆಯ ಇಂಜೆಕ್ಷನ್. ವ್ಯಾಯಾಮ, ಮಾತ್ರೆ ಎರಡೂ ಗುಂಪಿಗೆ ಒಂದೇ. ಬ್ಲಾಕ್ ಪಡೆದವರ ನೋವು ಒಂದು ವರ್ಷದ ನಂತರವೂ ಕಡಿಮೆಯಿತ್ತು. ಒಂದು ಪ್ರಯೋಗದಿಂದ ಎಲ್ಲವೂ ತೀರ್ಮಾನವಾಗುವುದಿಲ್ಲ. ಆದರೂ ಇಂಜೆಕ್ಷನ್ನನ್ನು ವ್ಯಾಯಾಮದ ಜೊತೆಗಿಟ್ಟು ನೋಡಿದ್ದು ಸರಿಯಾದ ದಾರಿ ಎಂದು ನನ್ನ ನಂಬಿಕೆ.

ಪುರಾವೆ ತೆಳುವಾಗಿರುವ ಕಡೆ ಅತಿಯಾದ ಭರವಸೆ ಮಾರುವವರು ಯಾವಾಗಲೂ ಇರುತ್ತಾರೆ. ಜರ್ಮನಿಯ ಫರ್ಡಿನಾಂಡ್ ಹುನೆಕೆ 1940ರಲ್ಲಿ ಒಬ್ಬ ಹೆಂಗಸಿನ ಕಾಲಿನ ಹಳೆಯ ಗಾಯದ ಸುತ್ತ ಪ್ರೊಕೇನ್, ಅಂದರೆ ಅದೇ ನೊವೊಕೇನ್, ಚುಚ್ಚಿದಾಗ ಆಕೆಯ ಭುಜದ ನೋವು ಕ್ಷಣದಲ್ಲಿ ಮಾಯವಾಯಿತಂತೆ. ಅಲ್ಲಿಂದ ಹುಟ್ಟಿದ ನ್ಯೂರಲ್ ಥೆರಪಿ ಎಂಬ ಪದ್ಧತಿ ಯಾವ ಕಾಯಿಲೆಗಾದರೂ ಯಾವುದೋ ಹಳೆಯ ಕಲೆಯೇ ಕಾರಣವೆಂದು ಅಲ್ಲಿಗೆ ಸೂಜಿ ಹಾಕುತ್ತದೆ. ಒಂದು ಬೆರಗಿನ ಘಟನೆಯ ಮೇಲೆ ಇಡೀ ಶಾಸ್ತ್ರ ಕಟ್ಟಿದರೆ ಅದು ನಿಲ್ಲುವುದಿಲ್ಲ. ಹಾಗೆಂದು ಎಲ್ಲ ಬ್ಲಾಕ್‌ಗಳೂ ಒಂದೇ ಅಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚಾಗಿ ಕಾಣುವ ಭುಜದ ಬಿಗಿತವನ್ನೇ ತೆಗೆದುಕೊಳ್ಳಿ. ಜಡೆ ಹಾಕಲು, ಬೆನ್ನ ಹಿಂದೆ ಕೈ ತರಲು ಆಗದೆ ಒದ್ದಾಡುವವರು ನಮ್ಮಲ್ಲಿ ಮನೆಗೊಬ್ಬರಾದರೂ ಸಿಗುತ್ತಾರೆ. ಭುಜದೆಲುಬಿನ ಮೇಲಂಚಿನ ನರಕ್ಕೆ ಕೊಡುವ ಬ್ಲಾಕ್ ಇವರಿಗೆ ಒಳ್ಳೆಯ ಆರಾಮ ಕೊಡುತ್ತದೆ. ಅದಕ್ಕಿರುವ ಆಧಾರವೂ ಸಿಆರ್‌ಪಿಎಸ್‌ಗಿಂತ ಸ್ವಲ್ಪ ಗಟ್ಟಿ.

ಸೂಜಿಯ ಮಿತಿಯನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಕಂಡವರು ಸೂಜಿಯಲ್ಲಿ ಎಲ್ಲರಿಗಿಂತ ಪಳಗಿದ ಜಾನ್ ಬೊನಿಕಾ. ಇಟಲಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಬೊನಿಕಾ ವೈದ್ಯಕೀಯ ಓದಿನ ಖರ್ಚಿಗೆ ಕುಸ್ತಿ ಆಡುತ್ತಿದ್ದರು. ಕುಸ್ತಿಯ ಪೆಟ್ಟುಗಳು ಅವರ ಮೈಯನ್ನು ಜೀವನಪೂರ್ತಿ ಕಾಡಿದವು. ಎರಡನೇ ಮಹಾಯುದ್ಧದಲ್ಲಿ ವಾಷಿಂಗ್ಟನ್ ರಾಜ್ಯದ ಮ್ಯಾಡಿಗನ್ ಸೇನಾ ಆಸ್ಪತ್ರೆಯಲ್ಲಿ ಗಾಯಾಳುಗಳಿಗೆ ಬ್ಲಾಕ್ ಕೊಡುತ್ತಿದ್ದಾಗ ಅವರಿಗೆ ಅರ್ಥವಾದದ್ದು ಇದು: ಎಷ್ಟೇ ಕರಾರುವಾಕ್ಕಾಗಿ ಚುಚ್ಚಿದರೂ ಒಬ್ಬ ವೈದ್ಯನ ಕೈಯಿಂದ ದೀರ್ಘಕಾಲದ ನೋವು ಬಗೆಹರಿಯುವುದಿಲ್ಲ. ಮೂಳೆ ವೈದ್ಯರು, ನರ ವೈದ್ಯರು, ಮನೋವೈದ್ಯರು ಒಂದೇ ಮೇಜಿನ ಸುತ್ತ ಕೂತು ಒಬ್ಬ ರೋಗಿಯ ಬಗ್ಗೆ ಮಾತಾಡಬೇಕು. ಆಗ ಅದು ಹೊಸ ಯೋಚನೆ. ಅವರ ಬೃಹತ್ ಗ್ರಂಥ ‘ದಿ ಮ್ಯಾನೇಜ್‌ಮೆಂಟ್ ಆಫ್ ಪೇನ್’ ಬಂದದ್ದು 1953ರಲ್ಲಿ. ಇವತ್ತು ಬೆಂಗಳೂರಿನಲ್ಲಾಗಲಿ ಮಂಗಳೂರಿನಲ್ಲಾಗಲಿ ಪೇನ್ ಕ್ಲಿನಿಕ್ ಎಂಬ ಬೋರ್ಡು ಕಂಡರೆ ಅದರ ಬೇರು ಅಲ್ಲಿದೆ. ಬೋರ್ಡಿನ ಹಿಂದೆ ಬೊನಿಕಾ ಬಯಸಿದ ಮೇಜು ಇದೆಯೇ ಎಂಬುದು ಮಾತ್ರ ಪ್ರತಿ ಕಡೆಯೂ ಕೇಳಲೇಬೇಕಾದ ಪ್ರಶ್ನೆ. ಸೂಜಿಗೆ ಬಿಲ್ಲು ಹಾಕುವುದು ಸುಲಭ, ಅರ್ಧ ಗಂಟೆ ಕೂತು ರೋಗಿಯ ಮಾತು ಕೇಳಿದ್ದಕ್ಕೆ ಹಾಕುವುದು ಕಷ್ಟ. ಹೀಗಾಗಿ ಸೂಜಿಗಳು ಹೆಚ್ಚುತ್ತವೆ, ಮೇಜು ಖಾಲಿ ಉಳಿಯುತ್ತದೆ.

ಅಪಾಯಗಳ ಬಗ್ಗೆ ನಮ್ಮ ಜನರಲ್ಲಿ ಭಯವಿದೆ, ಆದರೆ ಬೇಡದ ಕಡೆ. ಹೆರಿಗೆ ಆಪರೇಷನ್ನಿನಲ್ಲಿ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನಿಂದಲೇ ಜೀವನಪೂರ್ತಿ ಸೊಂಟ ನೋವು ಎಂಬ ಮಾತು ಪ್ರತಿ ಮನೆಯಲ್ಲೂ ಇದೆ. ಅಧ್ಯಯನಗಳು ಅದನ್ನು ಒಪ್ಪುವುದಿಲ್ಲ. ನಿಜವಾಗಿ ಭಯಪಡಬೇಕಾದದ್ದು ಮದ್ದಿನ ಪ್ರಮಾಣಕ್ಕೆ. ಅಡ್ರಿನಲಿನ್ ಬೆರೆಸದ ಲಿಗ್ನೊಕೇನ್ ತೂಕದ ಪ್ರತಿ ಕಿಲೋಗೆ 4.5 ಮಿಲಿಗ್ರಾಂ ದಾಟಬಾರದು. ಎರಡು ಪರ್ಸೆಂಟ್ ಮದ್ದಿನಲ್ಲಿ ಪ್ರತಿ ಮಿಲಿಲೀಟರಿಗೆ 20 ಮಿಲಿಗ್ರಾಂ ಇರುವುದರಿಂದ, 60 ಕಿಲೋ ತೂಕದವರಿಗೆ 13.5 ಮಿಲಿಯೇ ಗಡಿ. ಮೇಜಿನ ಮೇಲಿರುವ ಬಾಟಲಿಯಲ್ಲಿ 30 ಮಿಲಿ ಇರುತ್ತದೆ. ಮದ್ದು ತಪ್ಪಿ ರಕ್ತನಾಳಕ್ಕೆ ಹೋದರೆ ಗಡಿಯ ಮಾತೇ ಇಲ್ಲ. ಕುತ್ತಿಗೆಯಲ್ಲಿ ಮಿದುಳಿಗೆ ಹೋಗುವ ರಕ್ತನಾಳಕ್ಕೆ ಒಂದೆರಡು ಮಿಲಿ ಸೇರಿದರೂ ಫಿಟ್ಸ್ ಬರಬಹುದು. ತುಟಿ ಜುಮ್ಮೆನ್ನುವುದು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್ ಎಂಬ ಸದ್ದು ಮೊದಲ ಎಚ್ಚರಿಕೆಗಳು. ಬುಪಿವಕೇನ್ ಹೃದಯವನ್ನೇ ನಿಲ್ಲಿಸಬಲ್ಲದು. ಶಿಕಾಗೋದ ಗೈ ವೈನ್‌ಬರ್ಗ್ ಇಲಿಗಳ ಮೇಲೆ ಪ್ರಯೋಗ ಮಾಡಿ, ರಕ್ತಕ್ಕೆ ಕೊಬ್ಬಿನ ದ್ರಾವಣ ಏರಿಸಿದರೆ ಅಂಥ ಹೃದಯವನ್ನು ಮರಳಿ ಬಡಿಸಬಹುದೆಂದು 1998ರಲ್ಲಿ ತೋರಿಸಿದರು. 2006ರಲ್ಲಿ ಅದು ಮೊದಲ ಬಾರಿಗೆ ಮನುಷ್ಯರೊಬ್ಬರ ಜೀವ ಉಳಿಸಿದ ವರದಿ ಬಂತು. ಹಾಲಿನಂತೆ ಬೆಳ್ಳಗಿರುವ ಆ ಬಾಟಲಿ ಇಲ್ಲದ ಕೋಣೆಯಲ್ಲಿ ಕುತ್ತಿಗೆಯ ಬ್ಲಾಕ್ ಕೊಡಬಾರದು, ತೆಗೆದುಕೊಳ್ಳಲೂಬಾರದು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಬೇಕು. ಇಂಜೆಕ್ಷನ್ನಿನಲ್ಲಿ ಸ್ಟೀರಾಯ್ಡ್ ಬೆರೆಸುತ್ತಾರೆಯೇ ಎಂದು ಕೇಳಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಆಮೇಲೆ ಕೆಲವು ದಿನ ಸಕ್ಕರೆ ಏರುತ್ತದೆ.

ನಮ್ಮ ಮನೆಗಳ ಪ್ರೀತಿಯೂ ಈ ಕಾಯಿಲೆಗೆ ಒಂದು ಅಡ್ಡಿ. ಕೈ ಮುರಿದವರಿಗೆ ಎಲ್ಲರೂ ಹೇಳುವ ಮಾತು ಒಂದೇ: ಅಲ್ಲಾಡಿಸಬೇಡ. ಪ್ಲಾಸ್ಟರ್ ಬಿಚ್ಚಿದ ಮೇಲೂ ಜೋಲಿ ಇಳಿಯುವುದಿಲ್ಲ. ತುತ್ತು ಕಲಸಿ ಬಾಯಿಗಿಡುತ್ತಾರೆ, ಕೈಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತುತ್ತಾರೆ. ಪ್ಲಾಸ್ಟರಿನಲ್ಲಿದ್ದಾಗಲೇ ಬೆರಳು, ಮೊಣಕೈ, ಭುಜ ಆಡಿಸುತ್ತಿರಬೇಕೆಂದು ಪ್ಲಾಸ್ಟರ್ ಹಾಕಿದ ದಿನವೇ ಹೇಳಿ, ಮಾಡಿಸಿ ತೋರಿಸಿ ಕಳಿಸಿದರೆ ಎಷ್ಟೋ ಮಂದಿ ನಮ್ಮ ಸೂಜಿಯವರೆಗೆ ಬರಬೇಕಾಗುವುದೇ ಇಲ್ಲ. ಆರಿಸಿಕೊಳ್ಳಿ ಎಂದರೆ ನಾನು ಇಂಜೆಕ್ಷನ್ನಿಗಿಂತ ಆ ಐದು ನಿಮಿಷದ ಮಾತನ್ನೇ ಆರಿಸಿಕೊಳ್ಳುತ್ತೇನೆ.

ಬ್ಲಾಕ್ ಬೇಕೇಬೇಕು ಎಂದಾದಾಗಲೂ ಒಂದು ಬೇಡಿಕೆಯನ್ನು ರೋಗಿಗಳೇ ಮುಂದಿಡಬಹುದು. ಇಂಜೆಕ್ಷನ್ನಿಗೆ ದಿನ ಕೊಡುವಾಗ ಅದೇ ದಿನದ ಅದೇ ಹೊತ್ತಿಗೆ ಫಿಸಿಯೋಥೆರಪಿಗೂ ಸಮಯ ಬರೆಸಿಕೊಳ್ಳಿ. ಬೆಳಿಗ್ಗೆ ಬ್ಲಾಕ್, ಫಿಸಿಯೋಗೆ ಮುಂದಿನ ಸೋಮವಾರ ಬನ್ನಿ ಎಂದರೆ ಒಪ್ಪಬೇಡಿ. ಅಷ್ಟರಲ್ಲಿ ಮದ್ದೂ ಇಳಿದಿರುತ್ತದೆ, ಅದು ಕೊಟ್ಟ ಬಿಡುವೂ ಮುಗಿದಿರುತ್ತದೆ. ಫಿಸಿಯೋ ಇಲ್ಲದ ಆಸ್ಪತ್ರೆಯಾದರೆ, ಯಾವ ವ್ಯಾಯಾಮ, ಎಷ್ಟು ಸಲ, ಎಷ್ಟು ದಿನ ಎಂದು ವೈದ್ಯರಿಂದಲೇ ಚೀಟಿಯಲ್ಲಿ ಬರೆಸಿಕೊಂಡು, ಮಾಡಿ ತೋರಿಸಿ ಎಂದು ಕೇಳಿ, ಆಮೇಲೆ ಸೂಜಿಗೆ ಕೈ ಚಾಚಿ.